ಬೆಂಕಿಯ ಆಚೆಗಿದ್ದ ಸಾಕ್ಷಿ

(ಸಂಜೆಯ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಂಕಿಗಳಿಂದಲೇ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್ ಪಡೆಯಲ್ಲಿ ವಿಮಾನ ಹತ್ತಿದವರು ಸುಮಾರು 1,25,000 ಜನ. ಅವರಲ್ಲಿ ಸತ್ತವರು 55,573. ಅಂದರೆ ನೂರಕ್ಕೆ ನಲವತ್ತನಾಲ್ಕು. ಬಹುತೇಕರು ಇಪ್ಪತ್ತರ ಆಸುಪಾಸಿನ ಹುಡುಗರು. ಯಾರನ್ನೂ ಬಲವಂತವಾಗಿ ವಿಮಾನ ಹತ್ತಿಸಿರಲಿಲ್ಲ, ಎಲ್ಲರೂ ತಾವಾಗಿಯೇ ಹೆಸರು ಕೊಟ್ಟು ಬಂದವರು.

ಅವರು ಸತ್ತ ಬಗೆಯನ್ನೂ ಸ್ವಲ್ಪ ಯೋಚಿಸಿ. ರಾತ್ರಿ ಏಳು ಜನ ಒಂದೇ ವಿಮಾನದಲ್ಲಿ ಹೊರಡುತ್ತಾರೆ. ಬೆಳಗಿನ ಜಾವ ವಾಪಸು ಬರಬೇಕು, ಬರುವುದಿಲ್ಲ. ನೆಲೆಯ ಕಪ್ಪು ಹಲಗೆಯಲ್ಲಿ ಆ ವಿಮಾನದ ಸಾಲು ಖಾಲಿ ಉಳಿಯುತ್ತದೆ. ಮನೆಗೆ ತಂತಿ ಹೋಗುತ್ತದೆ: ನಾಪತ್ತೆ. ಎಲ್ಲಿ ಬಿತ್ತು, ಹೇಗೆ ಬಿತ್ತು, ಕೊನೆಯ ಐದು ನಿಮಿಷದಲ್ಲಿ ಯಾರು ಏನು ಮಾಡಿದರು ಎಂದು ಹೇಳಲು ಯಾರೂ ಇರುವುದಿಲ್ಲ. ಲಂಡನ್ನಿನ ಪಶ್ಚಿಮಕ್ಕೆ ರನ್ನಿಮೀಡ್ ಎಂಬಲ್ಲಿ ಒಂದು ಸ್ಮಾರಕವಿದೆ. ಸಮಾಧಿಯೇ ಇಲ್ಲದ ಕಾಮನ್‌ವೆಲ್ತ್ ವಾಯುಸೈನಿಕರ ಹೆಸರುಗಳು ಅಲ್ಲಿನ ಗೋಡೆಗಳ ಮೇಲಿವೆ. 20,000ಕ್ಕೂ ಹೆಚ್ಚು ಹೆಸರುಗಳು.

ನಾನು ಇವತ್ತು ಮಾತಾಡುವ ಹುಡುಗನ ಹೆಸರು ಆಂಡ್ರ್ಯೂ ಮಿನಾರ್ಸ್ಕಿ, ಕೆನಡಾದವನು. ಅವನ ಕೊನೆಯ ನಿಮಿಷಗಳು ನಮಗೆ ಗೊತ್ತಿವೆ, ಅದೂ ವಿವರವಾಗಿ. ಕಾರಣ ಇಷ್ಟೇ: ಆ ರಾತ್ರಿ ಸಾಯಲೇಬೇಕಿದ್ದ ಇನ್ನೊಬ್ಬ ಸಾಯಲಿಲ್ಲ. ಹೀಗಾಗಿ ಇದು ಒಬ್ಬ ಧೀರನ ಕಥೆ ಎಷ್ಟೋ, ಒಬ್ಬ ಸಾಕ್ಷಿದಾರನ ಕಥೆಯೂ ಅಷ್ಟೇ.

ಆಂಡ್ರ್ಯೂ ಹುಟ್ಟಿದ್ದು 1916ರ ಅಕ್ಟೋಬರ್ 14ರಂದು, ಮ್ಯಾನಿಟೋಬ ಪ್ರಾಂತ್ಯದ ವಿನಿಪೆಗ್‌ನಲ್ಲಿ. ತಂದೆತಾಯಿ ಪೋಲೆಂಡ್‌ನಿಂದ ಹೊಟ್ಟೆಪಾಡಿಗೆ ವಲಸೆ ಬಂದವರು. ವಿನಿಪೆಗ್ ಎಂದರೆ ಕೆನಡಾದ ನಟ್ಟನಡುವಿನ ಬಯಲು, ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವ ಊರು. ಹುಡುಗನಿಗೆ ಹದಿನಾರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅದು ಜಗತ್ತೆಲ್ಲ ಕೆಲಸವಿಲ್ಲದೆ ಕೂತಿದ್ದ ಆರ್ಥಿಕ ಮುಗ್ಗಟ್ಟಿನ ಕಾಲ. ಮನೆ ನಡೆಸಲು ನೆರವಾಗಬೇಕೆಂದು ಅವನು ತುಪ್ಪಳದ ಉಡುಪು ತಯಾರಿಸುವವರ ಹತ್ತಿರ ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿಕೊಂಡ. ಬಿಡುವಾದಾಗ ಮರಗೆಲಸ. ಮೇಜು ಕುರ್ಚಿ ಮಾಡುವುದು, ಪುಟ್ಟ ಮಾದರಿಗಳನ್ನು ಕೆತ್ತಿ ಜೋಡಿಸುವುದು ಅವನ ಹವ್ಯಾಸ. ಒಟ್ಟಿನಲ್ಲಿ ಕೈ ಚುರುಕಾಗಿದ್ದ, ಹೆಚ್ಚು ಸದ್ದು ಮಾಡದ ಹುಡುಗ. ಇತಿಹಾಸದಲ್ಲಿ ಹೆಸರು ಉಳಿಯುತ್ತದೆ ಎನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ.

1940ರಲ್ಲಿ ಸ್ವಲ್ಪ ಕಾಲ ಊರಿನ ಕಾಲಾಳು ಪಡೆಯೊಂದರ ಮೀಸಲು ದಳದಲ್ಲಿದ್ದ. 1941ರ ನವೆಂಬರ್‌ನಲ್ಲಿ ರಾಯಲ್ ಕೆನಡಿಯನ್ ವಾಯುಪಡೆ ಸೇರಿದ. ಆ ಹೊತ್ತಿಗೆ ಕೆನಡಾ ಒಂದು ದೊಡ್ಡ ವಿಮಾನಶಾಲೆಯಾಗಿಬಿಟ್ಟಿತ್ತು. ಇಂಗ್ಲೆಂಡಿನ ಆಕಾಶದಲ್ಲಿ ಶತ್ರು ವಿಮಾನಗಳ ಕಾಟ, ಜೊತೆಗೆ ಸದಾ ಮೋಡ. ಹೊಸಬರಿಗೆ ಅಲ್ಲಿ ಕಲಿಸುವುದು ಕಷ್ಟ. ಅದಕ್ಕಾಗಿ 1939ರ ಡಿಸೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಒಪ್ಪಂದ ಮಾಡಿಕೊಂಡವು. ಯುದ್ಧ ಮುಗಿಯುವ ಹೊತ್ತಿಗೆ ಕೆನಡಾದ ಶಾಲೆಗಳಿಂದ ಹೊರಬಿದ್ದವರು 1,31,553 ಮಂದಿ. ಪೈಲಟ್‌ಗಳು, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗಳು, ವೈರ್‌ಲೆಸ್ ಆಪರೇಟರ್‌ಗಳು, ಗನ್ನರ್‌ಗಳು.

ಆಂಡ್ರ್ಯೂನನ್ನು ಮೊದಲು ಕಳಿಸಿದ್ದು ಕ್ಯಾಲ್ಗರಿಯ ವೈರ್‌ಲೆಸ್ ಶಾಲೆಗೆ. ಅಲ್ಲಿ ಮೋರ್ಸ್ ಸಂಕೇತ ಅವನ ತಲೆಗೆ ಹತ್ತಲಿಲ್ಲ. ನಮ್ಮ ಹಳೆಯ ತಾರು ಕಚೇರಿಗಳಲ್ಲಿ ಕಟ್ಟ-ಕಡ ಎಂದು ಬಡಿಯುತ್ತಿದ್ದರಲ್ಲ, ಅದೇ ಸಂಕೇತ. ಅವನನ್ನು ಮ್ಯಾನಿಟೋಬದ ಮ್ಯಾಕ್‌ಡೊನಾಲ್ಡ್ ಎಂಬಲ್ಲಿದ್ದ ಗನ್ನರ್ ಶಾಲೆಗೆ ಬದಲಾಯಿಸಿದರು. 1942ರ ಕೊನೆಗೆ ಏರ್ ಗನ್ನರ್ ಆಗಿ ತೇರ್ಗಡೆಯಾಗಿ ಹಡಗು ಹತ್ತಿದ. ಈ ಮೋರ್ಸ್ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1944ರ ಏಪ್ರಿಲ್‌ನಲ್ಲಿ ಅವನು ಸೇರಿದ್ದು 419ನೇ ಸ್ಕ್ವಾಡ್ರನ್ನಿಗೆ. ಇಂಗ್ಲೆಂಡಿನ ಈಶಾನ್ಯದ ಡರಮ್ ಜಿಲ್ಲೆಯಲ್ಲಿ, ಮಿಡಲ್‌ಟನ್ ಸೇಂಟ್ ಜಾರ್ಜ್ ಎಂಬ ನೆಲೆ. ಕೆನಡಿಯನ್ನರದೇ ಸ್ಕ್ವಾಡ್ರನ್. ಅದಕ್ಕೆ ಅಡ್ಡಹೆಸರು 'ಮೂಸ್', ಅಂದರೆ ಉತ್ತರದ ಕಾಡಿನ ಆ ದೈತ್ಯ ಜಿಂಕೆ. ಮೊದಲ ಕಮಾಂಡರ್ ಫುಲ್ಟನ್‌ಗೆ ಇದ್ದ ಅಡ್ಡಹೆಸರೇ ಸ್ಕ್ವಾಡ್ರನ್ನಿಗೂ ಅಂಟಿಕೊಂಡಿತ್ತು. ಫುಲ್ಟನ್ 1942ರಲ್ಲೇ ನಾಪತ್ತೆಯಾಗಿದ್ದ.

ವಿಮಾನ ಲ್ಯಾಂಕಾಸ್ಟರ್. ನಾಲ್ಕು ಎಂಜಿನ್, ಏಳು ಜನ. ಕೆನಡಾದಲ್ಲೂ ಇದನ್ನು ಕಟ್ಟುತ್ತಿದ್ದರು, ಟೊರಾಂಟೊ ಹತ್ತಿರದ ಮಾಲ್ಟನ್‌ನಲ್ಲಿ, ಒಟ್ಟು 430. ಆಂಡ್ರ್ಯೂ ಕೊನೆಯ ಸಲ ಹತ್ತಿದ ವಿಮಾನವೂ ಅಲ್ಲಿಯದೇ. ಅದರ ನಂಬರ್ ಕೆಬಿ 726, ಮೈಮೇಲೆ ಬರೆದ ಅಕ್ಷರಗಳು ವಿಆರ್-ಎ.

ಈ ವಿಮಾನದ ಒಳಗನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ. ಮುಂದೆ ಮೂತಿಯಲ್ಲಿ ಬಾಂಬು ಗುರಿ ಹಿಡಿಯುವವನು. ಮೇಲೆ ಪೈಲಟ್, ಪಕ್ಕದಲ್ಲಿ ಎಂಜಿನ್ ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್. ಹಿಂದೆ ಪರದೆಯ ಮರೆಯಲ್ಲಿ ನ್ಯಾವಿಗೇಟರ್, ಅವನ ಹಿಂದೆ ವೈರ್‌ಲೆಸ್ಸಿನವನು. ಈ ಐವರು ಒಬ್ಬರಿಗೊಬ್ಬರು ಕೈಗೆ ಸಿಗುವಷ್ಟು ಹತ್ತಿರ. ಇಬ್ಬರು ಗನ್ನರ್‌ಗಳು ಮಾತ್ರ ದೂರ. ಒಬ್ಬ ಬೆನ್ನಿನ ಮೇಲಿನ ಗಾಜಿನ ಗೂಡಿನಲ್ಲಿ, ಕ್ಯಾನ್ವಾಸ್ ಪಟ್ಟಿಯ ಮೇಲೆ ಕೂತು, ತಲೆಯನ್ನಷ್ಟೇ ವಿಮಾನದ ಹೊರಗೆ ಚಾಚಿದಂತಿರುತ್ತಾನೆ. ಅದು ಆಂಡ್ರ್ಯೂನ ಜಾಗ. ಇನ್ನೊಬ್ಬ ಬಾಲದ ತುತ್ತತುದಿಯ ಗೂಡಿನಲ್ಲಿ, ನಾಲ್ಕು ಮೆಷಿನ್‌ಗನ್ನುಗಳ ಹಿಂದೆ, ಬಂದ ದಾರಿಯ ಕಡೆಗೆ ಮುಖ ಮಾಡಿ ಕೂತಿರುತ್ತಾನೆ. ಏಳೆಂಟು ಗಂಟೆ ಅವನಿಗೆ ಮನುಷ್ಯ ಮುಖ ಕಾಣುವುದಿಲ್ಲ, ಕಿವಿಯಲ್ಲಿ ಇಂಟರ್‌ಕಾಮಿನ ದನಿ ಮಾತ್ರ. ಚಳಿ ತಡೆಯಲು ವಿದ್ಯುತ್ತಿನಿಂದ ಬೆಚ್ಚಗಾಗುವ ಉಡುಪು. ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟಿಗೂ ಅಲ್ಲಿ ಜಾಗವಿಲ್ಲ, ಅದು ಬಾಗಿಲಾಚೆ ವಿಮಾನದ ಒಡಲಿನಲ್ಲಿ ನೇತಾಡುತ್ತಿರುತ್ತದೆ. ಹೊರಬರಬೇಕಾದರೆ ಗೂಡನ್ನು ಸರಿಯಾದ ಕೋನಕ್ಕೆ ತಿರುಗಿಸಿಕೊಳ್ಳಬೇಕು. ತಿರುಗಿಸುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಆ ಒತ್ತಡ ಹುಟ್ಟುವುದು ಎಡಬದಿಯ ಎಂಜಿನ್‌ನಿಂದ. ಎಡಬದಿಯ ಎಂಜಿನ್ ಸತ್ತರೆ ಬಾಲದ ಗೂಡೂ ನಿಂತಲ್ಲೇ ನಿಲ್ಲುತ್ತದೆ. ಆಗ ಉಳಿಯುವುದು ಕೈಯಿಂದ ತಿರುಗಿಸುವ ಹಿಡಿಯೊಂದೇ. ಈ ಒಂದು ಏರ್ಪಾಡಿನಲ್ಲೇ ಇಡೀ ಕಥೆ ಅಡಗಿದೆ.

ಬಾಲದ ಗೂಡಿನಲ್ಲಿದ್ದವನು ಪ್ಯಾಟ್ ಬ್ರೋಫಿ. ಆಂಡ್ರ್ಯೂಗೆ ಜೀವದ ಗೆಳೆಯ. ಬ್ರೋಫಿ ಆಫೀಸರ್, ಆಂಡ್ರ್ಯೂ ಅಲ್ಲ. ಒಂದೇ ವಿಮಾನದಲ್ಲಿ ಒಟ್ಟಿಗೆ ಸಾವಿಗೆ ಎದುರಾಗುವವರು ನೆಲಕ್ಕಿಳಿದ ಮೇಲೆ ಊಟಕ್ಕೆ, ಮಲಗುವುದಕ್ಕೆ ಬೇರೆ ಬೇರೆ ಕಡೆ ಹೋಗಬೇಕು. ಬ್ರಿಟಿಷ್ ಪದ್ಧತಿ ಅದು. (ನಮ್ಮಲ್ಲೂ ಅದರ ಪಳೆಯುಳಿಕೆಗಳು ಇವೆ ಅನ್ನಿ.) ಸಂಜೆಯೆಲ್ಲ ಒಟ್ಟಿಗೆ ಸುತ್ತಾಡಿ ಬೀಳ್ಕೊಡುವಾಗ ಆಂಡ್ರ್ಯೂ ಬೇಕೆಂದೇ ಸೆಟೆದು ನಿಂತು, ಗೆಳೆಯನಿಗೆ ಸಲ್ಯೂಟ್ ಹೊಡೆದು "ಗುಡ್ ನೈಟ್, ಸರ್" ಅನ್ನುತ್ತಿದ್ದನಂತೆ. ಆಫೀಸರ್‌ಗಿರಿಯ ಮೇಲೆ ಗೆಳೆಯ ಮಾಡುವ ಗೇಲಿ.

ಈಗ ಆ ರಾತ್ರಿ. 1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿಯ ದಂಡೆಗೆ ಇಳಿದಿದ್ದವು. ಜರ್ಮನರು ಹೊಸ ಪಡೆಗಳನ್ನು ಅಲ್ಲಿಗೆ ತರದಂತೆ ತಡೆಯಬೇಕಿತ್ತು. ಅದಕ್ಕೆ ಉತ್ತರ ಫ್ರಾನ್ಸಿನ ರೈಲು ಜಂಕ್ಷನ್‌ಗಳ ಮೇಲೆ ರಾತ್ರಿ ರಾತ್ರಿ ಬಾಂಬು. ಜೂನ್ 12ರ ರಾತ್ರಿ ಈ ವಿಮಾನಕ್ಕೆ ಕೊಟ್ಟ ಗುರಿ ಕಾಂಬ್ರೆ ಎಂಬ ಊರಿನ ರೈಲು ಯಾರ್ಡ್. ಆ ತಂಡಕ್ಕೆ ಅದು ಹದಿಮೂರನೇ ಕಾರ್ಯಾಚರಣೆ. ನಡುರಾತ್ರಿ ದಾಟಿದರೆ ತಾರೀಖು 13. ಅವರ ದೇಶಗಳಲ್ಲಿ ಹದಿಮೂರು ಅಪಶಕುನದ ಸಂಖ್ಯೆ. ಹೊರಡುವ ಮುಂಚೆ ವಿಮಾನದ ಪಕ್ಕದ ಹುಲ್ಲಿನಲ್ಲಿ ಕೂತಿದ್ದಾಗ ಆಂಡ್ರ್ಯೂಗೆ ನಾಲ್ಕೆಲೆಯ ಕ್ಲೋವರ್ ಕುಡಿ ಸಿಕ್ಕಿತು. ಅದು ಅವರಲ್ಲಿ ಅದೃಷ್ಟದ ಗುರುತು. ಕಿತ್ತು ಬ್ರೋಫಿಯ ಕೈಗೆ ಕೊಟ್ಟ. ನಾನು ಶಕುನ ನಂಬುವವನಲ್ಲ, ನಿಮಗೂ ನಂಬಿ ಎನ್ನುವುದಿಲ್ಲ. ಆದರೆ ಅದೃಷ್ಟದ ಎಲೆ ಸಿಕ್ಕಿದಾಗ ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳದೆ ಪಕ್ಕದವನಿಗೆ ಕೊಡುವುದು ಆ ಮನುಷ್ಯನ ಸ್ವಭಾವ ಹೇಳುತ್ತದೆ ಎಂದು ಮಾತ್ರ ಅನ್ನಿಸುತ್ತದೆ.

ಫ್ರಾನ್ಸಿನ ಕರಾವಳಿ ದಾಟಿದರು. ಸರ್ಚ್‌ಲೈಟಿನ ಬೆಳಕಿಗೆ ಒಮ್ಮೆ ಸಿಕ್ಕಿ ತಪ್ಪಿಸಿಕೊಂಡರು. ಗುರಿಗಾಗಿ ಕೆಳಕ್ಕಿಳಿಯುತ್ತಿದ್ದಾಗ ಬ್ರೋಫಿಗೆ ಹಿಂದೆ ಒಂದು ನೆರಳು ಕಾಣಿಸಿತು. ಜರ್ಮನರ ಯುಂಕರ್ಸ್ 88, ರಾತ್ರಿ ಬೇಟೆಯ ವಿಮಾನ. ಕೂಗಿ ಎಚ್ಚರಿಸಿದ. ಪೈಲಟ್ ಆರ್ಟ್ ಡಿ ಬ್ರೇನ್ ವಿಮಾನವನ್ನು ಸುರುಳಿ ಸುತ್ತಿಸಿದ. ಜರ್ಮನ್ ವಿಮಾನ ಕೆಳಗಿನಿಂದ ಬಂದು ಗುಂಡು ಹಾರಿಸಿತು. ಎಡಬದಿಯ ಎರಡೂ ಎಂಜಿನ್ ಹೋದವು. ರೆಕ್ಕೆಗೆ ಬೆಂಕಿ. ಜೊತೆಗೆ ಒಡಲಿನೊಳಗೆ, ಸರಿಯಾಗಿ ಇಬ್ಬರು ಗನ್ನರ್‌ಗಳ ನಡುವೆ, ಹರಿದ ಕೊಳವೆಯಿಂದ ಸೋರಿದ ಹೈಡ್ರಾಲಿಕ್ ಎಣ್ಣೆ ಹೊತ್ತಿ ಉರಿಯತೊಡಗಿತು.

ಇಂಟರ್‌ಕಾಮ್ ಸತ್ತಿತ್ತು. ಗನ್ನರ್‌ಗಳಿಗೆ ಹೇಳುವುದು ಹೇಗೆ? ಅವರ ಗೂಡುಗಳಲ್ಲಿ ಒಂದು ಕೆಂಪು ದೀಪ ಇರುತ್ತದೆ. ಡಿ ಬ್ರೇನ್ ಅದನ್ನು ಮಿನುಗಿಸಿದ: ಚುಕ್ಕಿ, ಗೆರೆ, ಗೆರೆ, ಚುಕ್ಕಿ. ಮೋರ್ಸ್‌ನಲ್ಲಿ 'ಪಿ' ಅಕ್ಷರ. ಪ್ಯಾರಾಚೂಟ್, ಅಂದರೆ ಜಿಗಿಯಿರಿ. ಮೋರ್ಸ್ ಬರಲಿಲ್ಲವೆಂದು ವೈರ್‌ಲೆಸ್ ಶಾಲೆಯಿಂದ ಹೊರಬಿದ್ದ ಹುಡುಗನಿಗೆ ಕಡೆಯ ಆಜ್ಞೆ ಬಂದದ್ದು ಮೋರ್ಸ್‌ನಲ್ಲಿ. ಅದು ಅವನಿಗೆ ಅರ್ಥವಾಯಿತು. ಗೂಡಿನಿಂದ ಇಳಿದು ಬಾಗಿಲ ಕಡೆ ಹೆಜ್ಜೆ ಹಾಕಿದ. ಜಿಗಿದಿದ್ದರೆ ಮುಗಿದಿತ್ತು. ಹಿಂದಕ್ಕೆ ತಿರುಗಿ ನೋಡಿದ.

ಬೆಂಕಿಯ ಆಚೆ ಬ್ರೋಫಿ ತನ್ನ ಗೂಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಎಂಜಿನ್ ಇಲ್ಲ, ಒತ್ತಡ ಇಲ್ಲ, ಗೂಡು ತಿರುಗುತ್ತಿಲ್ಲ. ಕೈಹಿಡಿ ತಿರುಗಿಸಲು ಹೋದರೆ ಅದೂ ಮುರಿದು ಕೈಗೆ ಬಂತು. ಆಂಡ್ರ್ಯೂ ಉರಿಯುವ ಎಣ್ಣೆಯ ನಡುವೆ ತೆವಳಿಕೊಂಡು ಅಲ್ಲಿಗೆ ಹೋದ. ತುರ್ತಿಗೆಂದು ಇಟ್ಟಿರುವ ಕೊಡಲಿಯಿಂದ ಗೂಡಿಗೆ ಹೊಡೆದ. ಆಗಲಿಲ್ಲ. ಕೊಡಲಿ ಬಿಸಾಡಿ ಬರಿಗೈಯಲ್ಲಿ ಎಳೆದ. ಅಷ್ಟರಲ್ಲಿ ಸೊಂಟದವರೆಗೆ ಬಟ್ಟೆಗೆ ಬೆಂಕಿ ಹತ್ತಿತ್ತು, ಪ್ಯಾರಾಚೂಟಿಗೂ. ಬ್ರೋಫಿ ಒಳಗಿನಿಂದ ಕೈಬೀಸಿ ಹೋಗು ಹೋಗು ಎಂದು ಸನ್ನೆ ಮಾಡಿದ. ಕೊನೆಗೆ ಆಂಡ್ರ್ಯೂ ಹಿಂದಕ್ಕೆ ಸರಿದ. ಬೆನ್ನು ತಿರುಗಿಸಲಿಲ್ಲ, ಗೆಳೆಯನ ಮೇಲೆ ಕಣ್ಣಿಟ್ಟೇ ಬೆಂಕಿಯೊಳಗಿಂದ ಹಿಮ್ಮುಖವಾಗಿ ತೆವಳಿದ. ಬಾಗಿಲ ಬಳಿ ಎದ್ದುನಿಂತ. ಉರಿಯುವ ಬಟ್ಟೆಯಲ್ಲೇ ಸೆಟೆದು ಸಲ್ಯೂಟ್ ಹೊಡೆದ. ತುಟಿ ಅಲ್ಲಾಡಿತು. ಆಮೇಲೆ ಜಿಗಿದ.

ಕೆಳಗಿದ್ದ ಫ್ರೆಂಚ್ ಹಳ್ಳಿಗರು ಅವನು ಇಳಿಯುವುದನ್ನು ಕಂಡರು. ಉರಿಯುವ ಕೊಡೆಯ ಕೆಳಗೆ ಉರಿಯುವ ಮನುಷ್ಯ. ಅವರು ಹುಡುಕಿ ಹೋಗುವ ಹೊತ್ತಿಗೆ ಜೀವವಿತ್ತು, ಆದರೆ ಸುಟ್ಟ ಗಾಯ ವಿಪರೀತ. ಹೆಚ್ಚು ಹೊತ್ತು ಬದುಕಲಿಲ್ಲ. ಇಪ್ಪತ್ತೇಳು ವರ್ಷ. ಸುತ್ತಲಿನ ಹುಡುಗರ ಲೆಕ್ಕದಲ್ಲಿ ಅವನೇ ಸ್ವಲ್ಪ ಹಿರಿಯ.

ಇನ್ನು ವಿಮಾನ. ಪೈಲಟ್ ಇಲ್ಲ, ಬಾಂಬುಗಳು ಒಡಲಲ್ಲೇ ಇವೆ, ಬಾಲದಲ್ಲಿ ಒಬ್ಬ ಬದುಕಿರುವ ಮನುಷ್ಯ. ಅದು ಕಡಿದಾಗಿ ಬೀಳಲಿಲ್ಲ, ಓರೆಯಾಗಿ ಇಳಿಯುತ್ತಾ ಬಂತು. ಎಡರೆಕ್ಕೆ ಒಂದು ಮರಕ್ಕೆ ಬಡಿಯಿತು. ಆ ಹೊಡೆತಕ್ಕೆ ಬಾಲ ರಪ್ಪನೆ ತಿರುಗಿ, ಸಿಕ್ಕಿಹಾಕಿಕೊಂಡಿದ್ದ ಗೂಡು ತೆರೆದುಕೊಂಡು, ಬ್ರೋಫಿ ಹೊರಗೆ ಎಸೆಯಲ್ಪಟ್ಟ. ಬಾಂಬುಗಳು ಕೆಲವು ಸಿಡಿದವು, ಎಲ್ಲವೂ ಅಲ್ಲ. ಎಚ್ಚರವಾದಾಗ ಅವನು ಕೈಕಾಲು ಆಡಿಸಿ ನೋಡಿಕೊಂಡ. ಆಡುತ್ತಿದ್ದವು.

ಅಂದರೆ ಆಂಡ್ರ್ಯೂ ಹಿಂತಿರುಗಿ ನೋಡದೆ ಜಿಗಿದಿದ್ದರೆ ಏಳೂ ಜನ ಬದುಕಿರುತ್ತಿದ್ದರು. ಬ್ರೋಫಿ ಬದುಕಿದ್ದು ಆಂಡ್ರ್ಯೂನಿಂದಲ್ಲ, ಒಂದು ಮರದಿಂದ. ಇದನ್ನು ನಾನು ಮೆಲ್ಲಗೆ ಹೇಳಿ ದಾಟಿಬಿಡಬಹುದಿತ್ತು. ಇಂಥ ಕಥೆಗಳನ್ನು ಹೇಳುವವರು ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ, ತ್ಯಾಗಕ್ಕೆ ಫಲ ಸಿಕ್ಕಿದಂತೆ ತಿರುಚಿಬಿಡುತ್ತಾರೆ. ಆದರೆ ಅವನಿಗೆ ಸಿಕ್ಕ ಪದಕದ ಅಧಿಕೃತ ಪ್ರಕಟಣೆಯೇ ಇದನ್ನು ಮುಚ್ಚಿಡುವುದಿಲ್ಲ. ಅವನ ಪ್ರಯತ್ನವೆಲ್ಲ ನಿಷ್ಫಲವಾಯಿತು ಎಂದು ಬರೆದಿದೆ. ಗೆಳೆಯನನ್ನು ಬಿಡಿಸಲು ಹೋಗದಿದ್ದರೆ ಅವನು ನಿಸ್ಸಂಶಯವಾಗಿ ಬದುಕಿರುತ್ತಿದ್ದ ಎಂದು ಬ್ರೋಫಿ ಕೊಟ್ಟ ಸಾಕ್ಷ್ಯವನ್ನೂ ದಾಖಲಿಸಿದೆ. ಕೆಲಸ ಕೈಗೂಡಲಿಲ್ಲ ಎಂದು ಒಪ್ಪಿಕೊಂಡು ಕೊಟ್ಟ ಪದಕ ಅದು.

ಆ ಪದಕ ಬರಲು ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಜೂನ್ 13ರ ಬೆಳಗ್ಗೆ ಏಳು ಜನರಲ್ಲಿ ಆರು ಮಂದಿ ಬದುಕಿದ್ದರು, ಆದರೆ ಚದುರಿಹೋಗಿದ್ದರು. ಫ್ಲೈಟ್ ಎಂಜಿನಿಯರ್ ರಾಯ್ ವಿಗರ್ಸ್, ಬಾಂಬು ಗುರಿಕಾರ ಜ್ಯಾಕ್ ಫ್ರೈಡೇ ಜರ್ಮನರ ಸೆರೆ ಸಿಕ್ಕರು. ಡಿ ಬ್ರೇನ್, ನ್ಯಾವಿಗೇಟರ್ ಬಾಬ್ ಬೋಡಿ, ವೈರ್‌ಲೆಸ್ಸಿನ ಜಿಮ್ ಕೆಲ್ಲಿ, ಮತ್ತು ಬ್ರೋಫಿ ಇವರನ್ನು ಫ್ರೆಂಚರು ಬಚ್ಚಿಟ್ಟು ಕಾಪಾಡಿದರು. ಸಿಕ್ಕಿಬಿದ್ದರೆ ಆ ರೈತರಿಗೆ ಮರಣದಂಡನೆ ಖಚಿತವಾಗಿತ್ತು ಎಂಬುದನ್ನೂ ಮರೆಯಬಾರದು. ಸೆಪ್ಟೆಂಬರ್‌ನಲ್ಲಿ ಬ್ರೋಫಿ ಇಂಗ್ಲೆಂಡಿಗೆ ಮರಳಿದ. ಗೆಳೆಯ ಸತ್ತಿದ್ದು ಅವನಿಗೆ ತಿಳಿದದ್ದು ಆಗಲೇ. ಆ ಸಲ್ಯೂಟಿನ ವಿಷಯ ಅವನೊಬ್ಬನಿಗೇ ಗೊತ್ತಿತ್ತು. ಪೈಲಟ್ ಡಿ ಬ್ರೇನ್‌ಗೂ ಅದು ತಿಳಿದದ್ದು ಆಮೇಲೆ, ಬ್ರೋಫಿ ಬಾಯಿಂದ. ತಿಳಿದ ಮೇಲೆ ಅವನು ಸುಮ್ಮನಿರಲಿಲ್ಲ, ಶಿಫಾರಸು ಬರೆದ. ವಿಕ್ಟೋರಿಯಾ ಕ್ರಾಸ್ 1946ರ ಅಕ್ಟೋಬರ್ 11ರ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಡಿಸೆಂಬರ್‌ನಲ್ಲಿ ವಿನಿಪೆಗ್‌ನಲ್ಲಿ ತಾಯಿಯ ಕೈಗೆ ಕೊಟ್ಟರು.

ಅಂದಿನ ನಿಯಮ ಒಂದನ್ನು ಹೇಳಬೇಕು. ಶತ್ರುವಿನ ಎದುರು ಶೌರ್ಯ ತೋರಿ ಸತ್ತವರಿಗೆ ಆಗ ಕೊಡಬಹುದಾಗಿದ್ದ ಗೌರವ ಎರಡೇ: ಒಂದೋ ಎಲ್ಲಕ್ಕಿಂತ ಮೇಲಿನ ವಿಕ್ಟೋರಿಯಾ ಕ್ರಾಸ್, ಇಲ್ಲವೇ ವರದಿಯಲ್ಲಿ ಹೆಸರು ನಮೂದಿಸುವ ಸಣ್ಣ ಮನ್ನಣೆ. ನಡುವಿನ ಪದಕಗಳೆಲ್ಲ ಬದುಕಿದವರಿಗೆ. ಈ ಪದ್ಧತಿ ಬದಲಾದದ್ದು 1979ರಲ್ಲಿ. ಹಾಗಾಗಿ ಸಾಕ್ಷಿ ಗಟ್ಟಿಯಾಗಿ ಸಿಕ್ಕವನಿಗೆ ಶಿಖರ, ಸಿಗದವನಿಗೆ ಬಹುಮಟ್ಟಿಗೆ ಏನೂ ಇಲ್ಲ.

ಅದೇ ವಿಮಾನದ ಮುಂಭಾಗದಲ್ಲಿ ಆ ಹೊತ್ತಿಗೆ ಏನಾಯಿತು ನೋಡಿ. ಜಿಗಿಯುವ ಮುಚ್ಚಳ ಗಾಳಿಗೆ ಹಾರಿ ಫ್ರೈಡೇಯ ತಲೆಗೆ ಬಡಿದು ಅವನು ಎಚ್ಚರ ತಪ್ಪಿ ಬಿದ್ದಿದ್ದ. ವಿಗರ್ಸ್ ಅವನಿಗೆ ಪ್ಯಾರಾಚೂಟ್ ಸಿಕ್ಕಿಸಿ, ಅದರ ಹಗ್ಗ ಎಳೆದು, ಕೆಳಕ್ಕೆ ತಳ್ಳಿದ. ಆಮೇಲೆ ತಾನು ಜಿಗಿದ. ಫ್ರೈಡೇ ಬದುಕಿದ. ವಿಗರ್ಸ್ ಮಾಡಿದ ಕೆಲಸ ಕೈಗೂಡಿತ್ತು. ಆದರೆ ಆ ವಿಮಾನದ ಕಥೆ ಹೇಳುವಾಗ ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಕಾಪಾಡಿಸಿಕೊಂಡವನಿಗೇ ಎಚ್ಚರವಿರಲಿಲ್ಲವಲ್ಲ!

ನಮ್ಮ ಊರುಗಳ ವೀರಗಲ್ಲುಗಳನ್ನು ನೋಡುವಾಗ ನನಗೆ ಇದೇ ಯೋಚನೆ ಬರುತ್ತದೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ನಿಲ್ಲಬೇಕಾದರೆ, ಅವನು ಹೋರಾಡಿದ್ದನ್ನು ಕಂಡವರು ಊರಿಗೆ ಮರಳಿರಬೇಕು. ಒಬ್ಬರೂ ಮರಳದ ಕಾಳಗಕ್ಕೆ ಕಲ್ಲಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 1944ರ ಏಪ್ರಿಲ್ 26ರ ರಾತ್ರಿ, ಜರ್ಮನಿಯ ಶ್ವೈನ್‌ಫರ್ಟ್ ದಾಳಿ. ನಾರ್ಮನ್ ಜ್ಯಾಕ್ಸನ್ ಎಂಬ ಫ್ಲೈಟ್ ಎಂಜಿನಿಯರ್, ರೆಕ್ಕೆಗೆ ಹತ್ತಿದ ಬೆಂಕಿಯನ್ನು ಆರಿಸಲು ಹಾರುತ್ತಿರುವ ಲ್ಯಾಂಕಾಸ್ಟರಿನ ಹೊರಗೆ ತೆವಳಿದ! ಪ್ಯಾರಾಚೂಟ್ ಒಳಗೇ ಬಿಚ್ಚಿಕೊಂಡಿತು, ಗೆಳೆಯರು ಹಗ್ಗಗಳನ್ನು ಹಿಡಿದುಕೊಂಡರು. ಕೊನೆಗೆ ಗಾಳಿ ಅವನನ್ನು ಕಿತ್ತೆಸೆಯಿತು. ಅರ್ಧ ಸುಟ್ಟ ಪ್ಯಾರಾಚೂಟಿನಲ್ಲಿ ಬಿದ್ದು ಬದುಕಿದ, ಸೆರೆಯಾದ. ತಾನು ಮಾಡಿದ್ದನ್ನು ಅವನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಯುದ್ಧ ಮುಗಿದು ಸಹಚರರು ಸೆರೆಯಿಂದ ಬಿಡುಗಡೆಯಾಗಿ ಬಂದು ಹೇಳಿದ ಮೇಲೆಯೇ ಜಗತ್ತಿಗೆ ಗೊತ್ತಾಯಿತು. 1945ರ ಅಕ್ಟೋಬರ್‌ನಲ್ಲಿ ಅವನಿಗೂ ವಿಕ್ಟೋರಿಯಾ ಕ್ರಾಸ್. ಅವನ ಸಂಗಡಿಗರೂ ಸತ್ತಿದ್ದರೆ? ಆ 55,573ರಲ್ಲಿ ಇಂಥವರು ಎಷ್ಟು ಜನ ಇರಬಹುದು? ನನ್ನ ಅಂದಾಜು, ನಾವು ಊಹಿಸುವುದಕ್ಕಿಂತ ಬಹಳ ಹೆಚ್ಚು.

ಸ್ಮಾರಕಗಳ ವಿಷಯ ಬೇಗ ಮುಗಿಸುತ್ತೇನೆ. ವಿನಿಪೆಗ್‌ನಲ್ಲಿ ಅವನ ಹೆಸರಿನ ಶಾಲೆ ಇದೆ. ಮ್ಯಾನಿಟೋಬದಲ್ಲಿ ಅವನ ಹೆಸರಿಟ್ಟ ಸರೋವರಗಳಿವೆ. ಮಿಡಲ್‌ಟನ್ ಸೇಂಟ್ ಜಾರ್ಜ್ ನೆಲೆ ಈಗ ಟೀಸೈಡ್ ವಿಮಾನ ನಿಲ್ದಾಣ. 2005ರಲ್ಲಿ ಅಲ್ಲಿ ಅವನ ಕಂಚಿನ ಪ್ರತಿಮೆ ನಿಲ್ಲಿಸಿದರು, ಸಲ್ಯೂಟ್ ಹೊಡೆಯುವ ಭಂಗಿಯಲ್ಲಿ. ಜಗತ್ತಿನಲ್ಲಿ ಇವತ್ತೂ ಹಾರುವ ಲ್ಯಾಂಕಾಸ್ಟರ್ ಎರಡೇ ಎರಡು. ಅವುಗಳಲ್ಲಿ ಒಂದು ಕೆನಡಾದ ಹ್ಯಾಮಿಲ್ಟನ್ ಊರಿನ ಮ್ಯೂಸಿಯಮ್ಮಿನದು. ಅದರ ಮೈಮೇಲೆ ಬರೆದಿರುವುದು ಆಂಡ್ರ್ಯೂನ ವಿಮಾನದ ಅಕ್ಷರಗಳನ್ನೇ, ವಿಆರ್-ಎ. 2014ರಲ್ಲಿ ಅದು ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಬಂದು, ಅಲ್ಲಿಯ ಲ್ಯಾಂಕಾಸ್ಟರ್ ಜೊತೆ ಜೋಡಿಯಾಗಿ ಹಾರಿತು.

ನನ್ನ ಮಾತು ಇಷ್ಟು. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.

ಹಿರಿಯರೊಬ್ಬರು: ಅಷ್ಟು ಗದ್ದಲದಲ್ಲಿ ಅವನು ಹೇಳಿದ್ದು ಆ ಇನ್ನೊಬ್ಬರಿಗೆ ಕೇಳಿಸಿತಾ ಸಾರ್?

ಕೇಳಿಸಿರಲಿಲ್ಲ. ಬ್ರೋಫಿಯೇ ಮುಂದೆ ಹಾಗೆ ಹೇಳಿಕೊಂಡಿದ್ದಾನೆ. ಗಾಳಿ, ಎಂಜಿನ್, ಬೆಂಕಿ, ನಡುವೆ ಗೂಡಿನ ಗಾಜು. ಏನೂ ಕೇಳಿಸುವಂತಿರಲಿಲ್ಲ. ಆದರೆ ತುಟಿ ಅಲ್ಲಾಡಿದ್ದು ಕಂಡಿತು, "ಗುಡ್ ನೈಟ್, ಸರ್" ಎಂದೇ ಹೇಳಿದ ಎಂಬುದು ತನಗೆ ಗೊತ್ತಿತ್ತು ಅಂದ. ನಾನು ಅದನ್ನು ನಂಬುತ್ತೇನೆ. ನ್ಯಾಯಾಲಯದ ಸಾಕ್ಷ್ಯವಾಗಿ ಅಲ್ಲ, ಇಬ್ಬರ ನಡುವಿನ ಹಳೆಯ ತಮಾಷೆ ಬಲ್ಲವನ ಮಾತಾಗಿ. ಅಂದಹಾಗೆ ಅದೇ ವಾರ ಆಂಡ್ರ್ಯೂನನ್ನೂ ಆಫೀಸರ್ ಮಾಡಿದ್ದರು. ಗೆಜೆಟ್ಟಿನಲ್ಲಿ ಅವನು ಪೈಲಟ್ ಆಫೀಸರ್ ಮಿನಾರ್ಸ್ಕಿ (ಅದು ಆಫೀಸರ್ ದರ್ಜೆಯೊಂದರ ಹೆಸರು, ವಿಮಾನ ಓಡಿಸುವವನೆಂದು ಅರ್ಥವಲ್ಲ). ಆ 'ಸರ್' ಆಗ ಅವಶ್ಯವೇ ಇರಲಿಲ್ಲ.

ಕಾಲೇಜು ವಿದ್ಯಾರ್ಥಿಯೊಬ್ಬರು: ಈ ಬಾಂಬರ್‌ಗಳಲ್ಲಿ ಭಾರತೀಯರು ಇರಲಿಲ್ಲವೇ?

ಇದ್ದರು, ಬೆರಳೆಣಿಕೆಯಷ್ಟು. ಶೈಲೇಂದ್ರ ಏಕನಾಥ ಸುಖ್ತಣಕರ್ ಎಂಬವರು ಲ್ಯಾಂಕಾಸ್ಟರ್‌ಗಳಲ್ಲಿ ನ್ಯಾವಿಗೇಟರ್ ಆಗಿದ್ದು ಬದುಕಿ ಬಂದವರು. ಜರ್ಮನಿಯ ಅಣೆಕಟ್ಟುಗಳನ್ನು ಒಡೆದ ಪ್ರಸಿದ್ಧ ದಾಳಿಯ ನಾಯಕ ಗೈ ಗಿಬ್ಸನ್ ಇಂಗ್ಲಿಷಿನವನಾದರೂ ಹುಟ್ಟಿದ್ದು ಶಿಮ್ಲಾದಲ್ಲಿ. ಇನ್ನು ಹಣದ ಸಂಬಂಧ. ಹೈದರಾಬಾದಿನ ನಿಜಾಮರು ಮೊದಲ ಮಹಾಯುದ್ಧದಲ್ಲೇ ಕೊಟ್ಟ ದೇಣಿಗೆಯಿಂದ 110ನೇ ಸ್ಕ್ವಾಡ್ರನ್ನಿಗೆ ಹೈದರಾಬಾದ್ ಎಂಬ ಹೆಸರು. 1939ರ ಸೆಪ್ಟೆಂಬರ್ 4ರಂದು ಜರ್ಮನ್ ನೌಕೆಗಳ ಮೇಲೆ ನಡೆದ, ಆ ಯುದ್ಧದ ಮೊದಲ ಬ್ರಿಟಿಷ್ ಬಾಂಬ್ ದಾಳಿಯಲ್ಲಿ ಅದು ಇತ್ತು. ನಮ್ಮ ಮೈಸೂರಿನ ಕಾಣಿಕೆಯಿಂದ ಹೆಸರು ಪಡೆದದ್ದು 129ನೇ ಸ್ಕ್ವಾಡ್ರನ್, 1941ರದು. ಅದು ಬಾಂಬರ್ ಅಲ್ಲ, ಸ್ಪಿಟ್‌ಫೈರ್ ಫೈಟರ್‌ಗಳ ದಳ. ಅದರ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ. ಇಂಗ್ಲಿಷ್ ಕಾಲುವೆಯ ಮೇಲೆ ಗಂಡಭೇರುಂಡ ಹಾರಾಡಿದ್ದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಮಹಿಳೆಯೊಬ್ಬರು: ಕ್ಷಮಿಸಿ, ಒಂದು ಕಠಿಣ ಪ್ರಶ್ನೆ. ಇವರು ಊರುಗಳ ಮೇಲೆ ಬಾಂಬು ಸುರಿದವರು. ಕೆಳಗಿದ್ದ ಮಕ್ಕಳಿಗೆ ಸಾಕ್ಷಿ ಯಾರು?

ಈ ಪ್ರಶ್ನೆ ಬರದಿದ್ದರೆ ನಾನೇ ಎತ್ತಬೇಕಿತ್ತು, ಧನ್ಯವಾದ. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ಎದ್ದ ಬೆಂಕಿಯ ಬಿರುಗಾಳಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್, ಇತಿಹಾಸಕಾರರ ಆಯೋಗ ಕೊಟ್ಟ ಲೆಕ್ಕದಂತೆ ಸುಮಾರು 25,000. ಆಂಡ್ರ್ಯೂ ಕಡೆಯ ಸಲ ಹೊರಟದ್ದು ರೈಲು ಯಾರ್ಡಿಗೆ, ನಿಜ. ಆದರೆ ಯಾರ್ಡಿನ ಸುತ್ತ ಮನೆಗಳಿರುತ್ತವೆ, ರಾತ್ರಿ ಬೀಳುವ ಬಾಂಬಿಗೆ ಬೇಲಿ ಕಾಣುವುದಿಲ್ಲ. ಮಿತ್ರಪಡೆಗಳ ಬಾಂಬಿಗೆ ಸತ್ತ ಫ್ರೆಂಚ್ ನಾಗರಿಕರೇ ಐವತ್ತು ಸಾವಿರಕ್ಕೂ ಹೆಚ್ಚು. ಅವನನ್ನು ಎತ್ತಿಕೊಂಡ ಹಳ್ಳಿಗರಲ್ಲಿ ಹಾಗೆ ಬಂಧುಗಳನ್ನು ಕಳೆದುಕೊಂಡವರು ಇದ್ದಿರಲೂಬಹುದು.

ಊರುಗಳನ್ನೇ ಗುರಿ ಮಾಡುವ ನೀತಿ ತಪ್ಪಾಗಿತ್ತು ಎಂದೇ ನನ್ನ ಅಭಿಪ್ರಾಯ. ನಾಜಿಗಳು ಶುರು ಮಾಡಿದ ಯುದ್ಧ ಅದು, ಲಂಡನ್, ರಾಟರ್‌ಡ್ಯಾಮ್, ವಾರ್ಸಾ ನಗರಗಳನ್ನು ಅವರು ಮೊದಲೇ ಸುಟ್ಟಿದ್ದರು ಎಂಬುದು ಗೊತ್ತಿದ್ದೂ ಹೀಗೆ ಹೇಳುತ್ತೇನೆ. ಆ ನೀತಿ ಬರೆದವರು ಮಂತ್ರಿಗಳು, ಮಾರ್ಷಲ್‌ಗಳು. ಬ್ರಿಟನ್ನಿಗೂ ಈ ಮುಜುಗರ ಇತ್ತು. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡಿನ ದೊಡ್ಡ ಸ್ಮಾರಕ ಎದ್ದದ್ದು 2012ರಲ್ಲಿ, ಯುದ್ಧ ಮುಗಿದು 67 ವರ್ಷಕ್ಕೆ. ಅದರಲ್ಲಿ ಬಾಂಬಿಗೆ ಸತ್ತ ಎಲ್ಲ ದೇಶದವರನ್ನೂ ನೆನೆಯುವ ಒಂದು ಸಾಲು ಕೆತ್ತಿದ್ದಾರೆ. ಚರ್ಮ ಕತ್ತರಿಸುತ್ತಿದ್ದ ಒಬ್ಬ ಹುಡುಗನನ್ನು ನಾನು ಆ ನೀತಿಯ ವಕೀಲನಂತೆ ನೋಡಲಾರೆ. ಹಾಗೆಂದು ಅವನು ಹೊತ್ತೊಯ್ದ ಬಾಂಬುಗಳನ್ನು ಕಥೆಯಿಂದ ಇಳಿಸಿಬಿಡಲೂ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವುದು ಬಿಟ್ಟರೆ ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು: ಸಾರ್, ನನ್ನ ಮಗಳು ಪ್ಯಾರಿಸ್‌ನಲ್ಲಿದ್ದಾಳೆ. ಸಮಾಧಿ ನೋಡಬಹುದಾ?

ಧಾರಾಳವಾಗಿ. ಮೆಹರಿಕೂರ್ ಎಂಬ ಹಳ್ಳಿ, ಸೊಮ್ ಜಿಲ್ಲೆ. ಪ್ಯಾರಿಸ್‌ನಿಂದ ರೈಲಿನಲ್ಲಿ ಅಮಿಯೆಗೆ ಬಂದು ಅಲ್ಲಿಂದ ಕಾರಿನಲ್ಲಿ ಪೂರ್ವಕ್ಕೆ ಹೋಗಬೇಕು. ಊರಿನ ಸಾಮಾನ್ಯ ಸ್ಮಶಾನದಲ್ಲೇ, ಊರವರ ಸಮಾಧಿಗಳ ಪಕ್ಕದಲ್ಲಿ ಕಾಮನ್‌ವೆಲ್ತ್ ವಾಯುಸೈನಿಕರ ಸಾಲು ಇದೆ, ಅವನದು ಅದರಲ್ಲಿ ಒಂದು. ಬಿಡುವಿದ್ದರೆ ಇನ್ನೂ ಉತ್ತರಕ್ಕೆ ನವ್-ಶಪೆಲ್‌ಗೂ ಹೋಗಿಬರಲು ಹೇಳಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಸತ್ತು, ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿವೆ. ಕಾರು ಬಾಡಿಗೆಗೆ ತೆಗೆದುಕೊಂಡರೆ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು.